ಕೇಜ್ ಇಲ್ಲದ ನಾಯಿ ಬೋರ್ಡಿಂಗ್: ಲಾಭ ಎಲ್ಲಿಂದ ಬರುತ್ತದೆ, ಎಲ್ಲಿ ಕೈಕೊಡುತ್ತದೆ

ಮನೆಮಂದಿಯೆಲ್ಲ ನಾಲ್ಕು ದಿನ ಮದುವೆಗೋ ತಿರುಪತಿಗೋ ಹೊರಟರೆ ನಾಯಿಯನ್ನು ಯಾರು ನೋಡಿಕೊಳ್ಳುವುದು? ದಾವಣಗೆರೆ, ಚಿತ್ರದುರ್ಗದಂಥ ಊರುಗಳಲ್ಲಿ ಇದು ಮೊದಲು ದೊಡ್ಡ ಪ್ರಶ್ನೆಯೇ ಆಗಿರಲಿಲ್ಲ. ಮನೆಯಲ್ಲಿ ಅಜ್ಜಿಯೋ ಚಿಕ್ಕಪ್ಪನೋ ಉಳಿಯುತ್ತಿದ್ದರು, ಇಲ್ಲದಿದ್ದರೆ ಪಕ್ಕದ ಮನೆಯವರು ಎರಡು ಹೊತ್ತು ಕಾಂಪೌಂಡ್ ಮೇಲಿಂದ ಅನ್ನ ಹಾಕುತ್ತಿದ್ದರು. ಈಗ ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ, ಬೆಳಗ್ಗೆ ಬೀಗ ಹಾಕಿದರೆ ಸಂಜೆಯೇ ತೆರೆಯುವ ಮನೆಗಳಲ್ಲೂ ಲ್ಯಾಬ್ರಡಾರ್, ಶಿಟ್ಜು ಇವೆ. ಹಗಲು ಬಿಟ್ಟುಹೋಗಲು ಡೇಕೇರ್, ಊರಿಗೆ ಹೋದಾಗ ಬೋರ್ಡಿಂಗ್ ಬೇಕಾಗುತ್ತದೆ. ವಿಚಾರಿಸಲು ಹೋದರೆ ಮೊದಲು ಕಿವಿಗೆ ಬೀಳುವ ಮಾತು: ‘ನಮ್ಮದು ಕೇಜ್ ಫ್ರೀ’.

ಮಾತು ಒಳ್ಳೆಯದೇ. ಆದರೆ ಕಂಬಿ ತೆಗೆದ ಮಾತ್ರಕ್ಕೆ ನಾಯಿಗೆ ಸುಖ ಬರುವುದಿಲ್ಲ. ಕೇಜ್ ಇಲ್ಲದ ವ್ಯವಸ್ಥೆಯ ಲಾಭವೆಲ್ಲ ಬರುವುದು ಎರಡೇ ಮೂಲದಿಂದ. ಒಂದು, ಬೇಡವೆನಿಸಿದಾಗ ನಾಯಿಗೆ ದೂರ ಸರಿಯಲು ಜಾಗ ಇರುವುದು. ಎರಡು, ಜೊತೆಯಲ್ಲೇ ಒಬ್ಬ ಮನುಷ್ಯ ಇರುವುದು. ಇವೆರಡೂ ಇದ್ದರೆ ಕೇಜ್‌ಗಿಂತ ಅದು ಎಷ್ಟೋ ಮೇಲು. ಇವಿಲ್ಲದೆ ಬರೀ ಕೇಜ್ ತೆಗೆದಿದ್ದರೆ ಕೇಜ್‌ಗಿಂತಲೂ ಅಪಾಯ.

ಕೇಜ್‌ನೊಳಗೆ ಏನಾಗುತ್ತದೆ

ಇಷ್ಟವಾಗದ್ದು ಎದುರಾದಾಗ ನಾಯಿ ಮೊದಲು ಮಾಡುವುದು ಜಗಳವಲ್ಲ, ಸರಿದುಹೋಗುವುದು. ಮುಖ ಪಕ್ಕಕ್ಕೆ ತಿರುಗಿಸುತ್ತದೆ, ನಾಲಿಗೆ ಹೊರಹಾಕಿ ಮೂತಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ನೇರ ಬರುವ ಬದಲು ಬಳಸಿಕೊಂಡು ಹೋಗುತ್ತದೆ. ‘ನನ್ನ ಪಾಡಿಗೆ ಬಿಡು’ ಎಂದು ಹೇಳುವ ನಾಯಿಯ ರೀತಿ ಇದು. ಇದಕ್ಕೆ ಬೆಲೆ ಸಿಗದಿದ್ದಾಗ ಮಾತ್ರ ಗುರ್ರೆನ್ನುವುದು, ಹಲ್ಲು ತೋರಿಸುವುದು, ಕೊನೆಗೆ ಮೇಲೆ ಬೀಳುವುದು.

ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಕೇಜ್‌ನಲ್ಲಿ ಸರಿಯುವುದಾದರೂ ಎಲ್ಲಿಗೆ? ಎದುರಿನ ಕೇಜ್‌ನಲ್ಲಿರುವ ನಾಯಿ ದಿಟ್ಟಿಸಿ ನೋಡುತ್ತಿದ್ದರೆ ಅದರ ಕಣ್ಣು ತಪ್ಪಿಸಲು ಆಗುವುದಿಲ್ಲ. ಹತ್ತಿರ ಹೋಗಿ ಮೂಸಿ ಪರಿಚಯ ಮಾಡಿಕೊಳ್ಳಲೂ ಆಗುವುದಿಲ್ಲ. ಹೀಗೆ ಎರಡು ಕಡೆಯೂ ದಾರಿ ಮುಚ್ಚಿದಾಗ ಉಳಿಯುವುದು ಬೊಗಳುವುದೊಂದೇ. ಒಂದು ಶುರು ಮಾಡಿದರೆ ಸಾಲಿನ ಎಲ್ಲವೂ ಸೇರಿಕೊಳ್ಳುತ್ತವೆ. ಮೇಲೆ ತಗಡಿನ ಶೀಟು, ಕೆಳಗೆ ಟೈಲ್ಸ್ ಇದ್ದರೆ ಸದ್ದು ಇಂಗುವುದಕ್ಕೇ ಜಾಗವಿಲ್ಲ. ಸಾಲು ಗೂಡುಗಳ ಕೆನಲ್‌ಗಳಲ್ಲಿ ಈ ಸದ್ದು 100 ಡೆಸಿಬಲ್ ದಾಟುವುದನ್ನು ಅಳತೆ ಮಾಡಿ ನೋಡಿದ್ದಾರೆ. ನಾಯಿಯ ಕಿವಿ ನಮ್ಮದಕ್ಕಿಂತ ಸೂಕ್ಷ್ಮ ಎಂಬುದನ್ನೂ ಸೇರಿಸಿಕೊಂಡು ಯೋಚಿಸಬೇಕು.

ಎರಡನೆಯ ತೊಂದರೆ ಕಣ್ಣಿಗೆ ತಡವಾಗಿ ಬೀಳುತ್ತದೆ. ಮಲಗುವ ಜಾಗದಲ್ಲಿ ಗಲೀಜು ಮಾಡಬಾರದೆಂಬುದು ನಾಯಿಗೆ ಹುಟ್ಟುಗುಣ. ಕೇಜ್‌ನಲ್ಲಿಟ್ಟರೆ ಅದು ತಡೆದುಕೊಳ್ಳುತ್ತದೆ. ದಿನಕ್ಕೆ ಎರಡೇ ಸಲ ಹೊರಗೆ ಬಿಡುವ ಕಡೆ ಹತ್ತು ಹನ್ನೆರಡು ಗಂಟೆ ಮೂತ್ರ ಕಟ್ಟಿಕೊಂಡಿರುತ್ತದೆ. ಅಭ್ಯಾಸವಾದರೆ ಮೂತ್ರಕೋಶಕ್ಕೆ ಸೋಂಕು ತಗಲುವ ಸಂಭವ ಹೆಚ್ಚು. ತಡೆಯಲಾಗದೆ ಒಳಗೇ ಮಾಡಿಕೊಂಡ ನಾಯಿಗೆ ನಾಲ್ಕೈದು ದಿನದಲ್ಲಿ ಆ ಹುಟ್ಟುಗುಣವೇ ಮಂಕಾಗುತ್ತದೆ. ಮನೆಗೆ ಬಂದು ಹಾಲ್‌ನಲ್ಲಿ ಮೂತ್ರ ಮಾಡಿದಾಗ ಮನೆಯವರು ಬೈಯುತ್ತಾರೆ. ಅದರ ತಪ್ಪಲ್ಲ.

ಮೈಗೆ ಆಗುವ ಗಾಯಗಳೂ ಇವೆ. ಬರೀ ಸಿಮೆಂಟಿನ ಮೇಲೆ ಮಲಗಿ ಮೊಣಕೈ ಒರಟಾಗಿ ಹುಣ್ಣಾಗುವುದು, ಕಂಬಿ ಕಚ್ಚಿ ಹಲ್ಲು ಮುರಿಯುವುದು, ಬಾಗಿಲು ಕೆರೆದು ಉಗುರು ಕಿತ್ತುಹೋಗುವುದು. ಲ್ಯಾಬ್ರಡಾರ್, ಗ್ರೇಟ್ ಡೇನ್‌ನಂಥ ದಪ್ಪ ಬಾಲದ ನಾಯಿಗಳು ಯಾರನ್ನೋ ಕಂಡು ಖುಷಿಯಿಂದ ಬಾಲ ಆಡಿಸಿದರೂ ಅದು ಕಂಬಿಗೆ ಬಡಿದು ತುದಿ ಒಡೆದು ರಕ್ತ ಸೋರುತ್ತದೆ. ಬಾಲದ ತುದಿಯ ಗಾಯ ಮಾಯುವುದು ಬಹಳ ನಿಧಾನ, ಏಕೆಂದರೆ ಮತ್ತೆ ಮತ್ತೆ ಬಡಿಯುತ್ತಲೇ ಇರುತ್ತದೆ.

ಕಾನೂನು ಕೂಡ ಇದನ್ನು ಸಣ್ಣ ವಿಷಯವೆಂದು ಬಿಟ್ಟಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಓಡಾಡಲು ಸಾಲದಷ್ಟು ಸಣ್ಣ ಕೇಜ್‌ನಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ. ತೀರಾ ಗಿಡ್ಡ ಅಥವಾ ತೀರಾ ಭಾರದ ಚೈನ್‌ನಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದೂ ಅಪರಾಧ. ಸದಾ ಕಟ್ಟಿ ಅಥವಾ ಕೂಡಿಹಾಕಿ ಸಾಕಿದ ನಾಯಿಗೆ ಓಡಾಟ ಕೊಡಿಸದ ಮಾಲೀಕರನ್ನೂ ಅದೇ ಸೆಕ್ಷನ್, ‘ನಾಯಿ’ ಎಂದು ಹೆಸರಿಸಿಯೇ, ಹಿಡಿಯುತ್ತದೆ.

ಜಾಗದ ಲೆಕ್ಕ, ಜನದ ಲೆಕ್ಕ

ಇಷ್ಟಾದರೂ ಕೇಜ್ ಏಕೆ ಇದೆ? ಅದು ಜನವನ್ನು ಉಳಿಸುತ್ತದೆ. ಸಾಲಾಗಿ ಕೂಡಿಹಾಕಿದ 25 ನಾಯಿಗೆ ಒಬ್ಬ ಹುಡುಗ ಅನ್ನ ಹಾಕಿ, ತೊಳೆದು ದಿನ ದೂಡಬಲ್ಲ. ಅದೇ 25 ನಾಯಿ ಬಿಡುಬೀಸಾಗಿದ್ದರೆ ಒಬ್ಬರಿಂದ ಆಗುವ ಮಾತೇ ಅಲ್ಲ. ಹತ್ತು ನಾಯಿಗೆ ಒಬ್ಬರಾದರೂ ಬೇಕು, ಅವರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಇರಬಾರದು. ಅಡುಗೆ ಮಾಡುತ್ತ, ಫೋನ್ ನೋಡುತ್ತ, ಗೇಟಿಗೆ ಬಂದವರನ್ನು ಮಾತಾಡಿಸುತ್ತ ಇರುವವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆರೇಳು ನಾಯಿ ಇರುವ ಸಣ್ಣ ಜಾಗದಲ್ಲೂ ಕೂಗಿದರೆ ಬರುವಷ್ಟು ಹತ್ತಿರ ಎರಡನೆಯವರು ಇರಬೇಕು, ಜಗಳ ಬಿಡಿಸಲು ನಾಲ್ಕು ಕೈ ಬೇಕು.

ಜಾಗದ ಲೆಕ್ಕ ನಮಗೆಲ್ಲ ಗೊತ್ತಿರುವ 30×40 ಸೈಟಿನಿಂದ ಮಾಡೋಣ. ಒಟ್ಟು 1,200 ಚದರ ಅಡಿ. ಅರ್ಧ ಕಟ್ಟಡಕ್ಕೆ ಹೋದರೆ 600 ಚದರ ಅಡಿ ಬಯಲು ಉಳಿಯಿತು. ಒಂದು ನಾಯಿಗೆ ಕಡಿಮೆಯೆಂದರೂ 65 ಚದರ ಅಡಿ ಹಿಡಿದರೆ ಅಲ್ಲಿ ಒಂದೇ ಹೊತ್ತಿಗೆ ಬಿಡಬಹುದಾದದ್ದು ಒಂಬತ್ತು ನಾಯಿ. ಎಲ್ಲವೂ ಜರ್ಮನ್ ಶೆಫರ್ಡ್, ರಾಟ್‌ವೈಲರ್ ಗಾತ್ರದವಾದರೆ ಆರು. ಹಬ್ಬದ ರಜೆಯಲ್ಲಿ ಅಂಥದ್ದೇ ಮನೆಯಲ್ಲಿ ಹದಿನೆಂಟು ನಾಯಿ ಕಂಡರೆ, ಗೋಡೆಯ ಮೇಲೆ ಏನೇ ಬರೆದಿರಲಿ, ಅದು ಒಂದೇ ದೊಡ್ಡ ಕೇಜ್. ದೂರ ಸರಿಯಲು ಜಾಗವಿಲ್ಲದಿದ್ದ ಮೇಲೆ ಕಂಬಿ ಇದ್ದರೇನು, ಇಲ್ಲದಿದ್ದರೇನು.

ಜಾಗ ಒಂದೇ ತುಂಡಾಗಿಯೂ ಇರಬಾರದು. ಚಪ್ಪಟೆ ಬಯಲಿಗಿಂತ ನಡುವೆ ಒಂದು ಮರ, ಒಂದು ಕಟ್ಟೆ, ಮರೆಯಾಗುವಂಥ ಅರ್ಧ ಗೋಡೆ ಇದ್ದರೆ ಒಳ್ಳೆಯದು. ಒಂದನ್ನೊಂದು ನೋಡದೆ ಇರಲು ಅವಕಾಶ ಸಿಗುತ್ತದೆ. ಮೂಲೆಗಳು ಮಾತ್ರ ಅಪಾಯ. ಕಿರಿದಾದ ಮೂಲೆಯಲ್ಲಿ ಸಿಕ್ಕಿಬಿದ್ದ ನಾಯಿ ಕಚ್ಚುತ್ತದೆ. ಹತ್ತು ಕಿಲೋದೊಳಗಿನ ಸಣ್ಣ ನಾಯಿಗಳಿಗೆ ಬೇರೆಯೇ ಅಂಗಳ ಇರಬೇಕು. ದೊಡ್ಡ ನಾಯಿ ಎಷ್ಟೇ ಸಾಧುವಾದರೂ, ಪೊಮೆರೇನಿಯನ್ ಒಂದು ಕಿರುಚುತ್ತ ಓಡಿದಾಗ ಅದರೊಳಗಿನ ಬೇಟೆ ಬುದ್ಧಿ ಎದ್ದು ಬರಬಹುದು. ಒಂದೇ ಹಿಡಿತಕ್ಕೆ ಎಲ್ಲ ಮುಗಿದುಹೋಗುತ್ತದೆ.

ಈ ಎರಡು ಲೆಕ್ಕವೂ ಸರಿ ಇದ್ದ ಕಡೆ ಸಿಗುವ ಲಾಭ ನಿಜಕ್ಕೂ ದೊಡ್ಡದು. ಬೇಕಾದಾಗ ಮೂತ್ರಕ್ಕೆ ಹೋಗುತ್ತದೆ. ಬಿಸಿಲಾದರೆ ನೆರಳಿಗೆ, ಚಳಿಯಾದರೆ ಬಿಸಿಲಿಗೆ ತಾನೇ ಎದ್ದು ಹೋಗುತ್ತದೆ. ವಯಸ್ಸಾದ ನಾಯಿಯ ಸೊಂಟ, ಮೊಣಕಾಲು ಒಂದೇ ಕಡೆ ಮಲಗಿ ಹಿಡಿದುಕೊಳ್ಳುವುದಿಲ್ಲ. ಮುಂಗಾಲು ಚಾಚಿ ಹಿಂಭಾಗ ಎತ್ತಿ ಆಟಕ್ಕೆ ಕರೆಯುವುದು, ಕರೆದಾಗ ಒಪ್ಪುವುದು ಅಥವಾ ಬೇಡವೆನ್ನುವುದು, ಇವು ಬೇರೆ ನಾಯಿಗಳ ಜೊತೆ ಇದ್ದೇ ಬರುವ ವಿದ್ಯೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಯಿಲೆ ಬೇಗ ಗೊತ್ತಾಗುತ್ತದೆ. ಬೆಳಗ್ಗೆ ಚೆನ್ನಾಗಿ ಓಡಿದ ನಾಯಿ ಸಂಜೆ ಕುಂಟಿದರೆ, ಭೇದಿಯಲ್ಲಿ ರಕ್ತ ಕಂಡರೆ, ನೀರು ಮುಟ್ಟದಿದ್ದರೆ ಜೊತೆಗಿರುವವರ ಕಣ್ಣಿಗೆ ಬೀಳುತ್ತದೆ. ಕೇಜ್ ಸಾಲಿನಲ್ಲಿ ಅದು ಗೊತ್ತಾಗುವುದು ಮರುದಿನ ತೊಳೆಯಲು ಬಂದಾಗ.

ಗೇಟಿನಲ್ಲಿ, ಮೊದಲ ಅರ್ಧ ಗಂಟೆ

ಒಂದು ಜಾಗ ಹೇಗಿದೆ ಎಂದು ತಿಳಿಯಬೇಕಾದರೆ ಹೊಸ ನಾಯಿಯನ್ನು ಒಳಗೆ ಹೇಗೆ ಬಿಡುತ್ತಾರೆ ನೋಡಿ. ಸರಿಯಾದ ಕಡೆ ಎರಡು ಗೇಟು ಇರುತ್ತವೆ, ನಡುವೆ ಆರೇಳು ಅಡಿ ಜಾಗ. ಹೊರಗಿನದು ಮುಚ್ಚಿ ಚಿಲಕ ಬಿದ್ದ ಮೇಲೆಯೇ ಒಳಗಿನದು ತೆರೆಯುತ್ತದೆ. ಮಾಲೀಕರು ಹೊರಟ ಮೊದಲ ಗಂಟೆಯಲ್ಲಿ ನಾಯಿ ಅವರ ಹಿಂದೆಯೇ ಓಡಲು ನೋಡುತ್ತದೆ, ಒಂದೇ ಗೇಟಿದ್ದರೆ ಆಗಲೇ ತಪ್ಪಿಸಿಕೊಂಡು ಹೋಗುವುದು. ಶಾಮನೂರು ರಸ್ತೆಯಂಥ ಕಡೆ, ಹೆದ್ದಾರಿ ಸರ್ವಿಸ್ ರಸ್ತೆ ಪಕ್ಕದಲ್ಲಿ, ಗೇಟು ದಾಟಿದ ನಾಯಿ ವಾಪಸ್ ಸಿಗುವ ಖಾತ್ರಿ ಇಲ್ಲ.

ನಂತರ ಪರಿಚಯ. ಮೊದಲು ಹೊಸ ನಾಯಿಯೊಂದನ್ನೇ ಖಾಲಿ ಅಂಗಳದಲ್ಲಿ ಹತ್ತು ನಿಮಿಷ ಬಿಡುತ್ತಾರೆ. ಅದು ಬೇಲಿಗುಂಟ ಮೂಸಿ, ಮೂತ್ರ ಮಾಡಿ, ಸ್ವಲ್ಪ ಉಸಿರು ಬಿಟ್ಟ ಮೇಲೆ ಅಲ್ಲಿಯ ಸಾಧು ನಾಯಿಯೊಂದನ್ನು ಬೇಲಿಯ ಆಚೆಗೆ ತರುತ್ತಾರೆ. ಮೈ ಸಡಿಲವಾಗಿದ್ದರೆ, ಬಾಲ ಬೆನ್ನಿನ ಮಟ್ಟದಲ್ಲಿ ಅಗಲವಾಗಿ ಆಡುತ್ತಿದ್ದರೆ ಮುಂದಿನ ಹೆಜ್ಜೆ: ಎರಡನ್ನೂ ಚೈನ್ ಸಡಿಲ ಬಿಟ್ಟು, ಹತ್ತು ಅಡಿ ಅಂತರದಲ್ಲಿ, ಒಂದೇ ದಿಕ್ಕಿಗೆ ನಡೆಸುವುದು. ಎದುರುಬದುರು ತರುವುದಲ್ಲ. ಅಂತರ ನಿಧಾನ ಕಡಿಮೆ ಮಾಡಿ, ಮೂರು ಸೆಕೆಂಡ್ ಮೂಸಲು ಬಿಟ್ಟು, ಹೆಸರು ಹಿಡಿದು ಕರೆದು ದೂರ ಒಯ್ಯುವುದು. ಮತ್ತೆ ಮೂರು ಸೆಕೆಂಡ್. ಚೈನ್ ಬಿಗಿಯಾಗಿ ಎಳೆದು ಹಿಡಿದರೆ ಕುತ್ತಿಗೆ ಎತ್ತಿ, ಎದೆ ಮುಂದೆ ಬಂದು, ನಾಯಿ ಜಗಳಕ್ಕೆ ನಿಂತ ಭಂಗಿಗೆ ತಾನಾಗಿ ಬರುತ್ತದೆ. ಎದುರಿನ ನಾಯಿಗೆ ಕಾಣುವುದು ಆ ಭಂಗಿ, ನಮ್ಮ ಉದ್ದೇಶವಲ್ಲ. ಬಾಲ ನೆಟ್ಟಗೆ ನಿಂತು ತುದಿ ಮಾತ್ರ ನಡುಗುತ್ತಿದ್ದರೆ, ಬಾಯಿ ಗಪ್ಪನೆ ಮುಚ್ಚಿ ಮೈ ಸೆಟೆದರೆ, ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ಮೊದಲನೆಯದರ ಜೊತೆ ಹೊಂದಿಕೊಂಡ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ‘ಬಿಡಿ ಸರ್, ಎಲ್ಲ ಅಡ್ಜಸ್ಟ್ ಆಗ್ತಾವೆ’ ಎಂದು ಹೊಸ ನಾಯಿಯನ್ನು ಹತ್ತು ನಾಯಿಯ ನಡುವೆ ತಳ್ಳುವ ಕಡೆಯಿಂದ ನಿಮ್ಮ ನಾಯಿಯನ್ನು ಹಾಗೇ ವಾಪಸ್ ಕರೆದುಕೊಂಡು ಬನ್ನಿ.

ಮಲಗುವ ಹೊತ್ತು, ಉಣ್ಣುವ ಹೊತ್ತು

ದಿನವಿಡೀ ಆಟವಾಡಿಸುತ್ತೇವೆ ಎಂಬುದು ಹೆಗ್ಗಳಿಕೆಯಲ್ಲ. ಬೆಳೆದ ನಾಯಿಗೆ ದಿನಕ್ಕೆ 12ರಿಂದ 14 ಗಂಟೆ ನಿದ್ದೆ ಬೇಕು, ಮರಿಗೆ 18 ಗಂಟೆಯೂ ಆಗುತ್ತದೆ. ಬೆಳಗ್ಗೆಯಿಂದ ಓಡಿಸಿ ದಣಿಸಿದ ಗುಂಪಿನಲ್ಲಿ ಜಗಳ ಶುರುವಾಗುವುದು ಸಂಜೆ ನಾಲ್ಕರ ಮೇಲೆ. ನಿದ್ದೆಗೆಟ್ಟ ಮಕ್ಕಳು ಹಟ ಹಿಡಿದಂತೆಯೇ ಅದೂ. ಹಾಗಾಗಿ ಮಧ್ಯಾಹ್ನ ಮೂರ್ನಾಲ್ಕು ಗಂಟೆ ಎಲ್ಲವೂ ಮಲಗಬೇಕು, ಮಂದ ಬೆಳಕಿನ ಕೋಣೆಯಲ್ಲಿ, ಒಂದಕ್ಕೊಂದು ತಾಗದಷ್ಟು ದೂರದ ಹಾಸಿಗೆಗಳಲ್ಲಿ. ಗೋಣಿತಾಟೋ ದಪ್ಪ ಜಮಖಾನವೋ ಸಾಕು, ಮನೆಯಿಂದ ತಂದ ಹಳೆಯ ಬೆಡ್‌ಶೀಟ್ ಇನ್ನೂ ಒಳ್ಳೆಯದು. ಅದರಲ್ಲಿ ಮನೆಯ ವಾಸನೆ ಇರುತ್ತದೆ, ತೊಳೆಯದೆ ಕೊಡಿ.

ಊಟದ ವಿಷಯದಲ್ಲಿ ಮಾತ್ರ ಕೇಜ್ ಇಲ್ಲದ ಕಡೆಯೂ ಬಾಗಿಲು ಬೇಕೇ ಬೇಕು. ಪ್ರತಿ ನಾಯಿಗೂ ಬೇರೆ ಕೋಣೆ ಅಥವಾ ಮರದ ಅರ್ಧ ಬಾಗಿಲಿನ ವಿಭಾಗ, ತಟ್ಟೆ ಖಾಲಿಯಾಗಿ ತೆಗೆದ ಮೇಲೆಯೇ ಬಾಗಿಲು ತೆರೆಯುವುದು. ಮನೆಯಲ್ಲಿ ಮಗುವಿನಂತಿರುವ ನಾಯಿಯೂ ತಟ್ಟೆಯ ಮುಂದೆ ಬೇರೆಯೇ ಆಗಬಹುದು. ಮೂಳೆ, ಅಗಿಯುವ ಕಡ್ಡಿ, ಇಷ್ಟದ ಚೆಂಡು, ಇವೆಲ್ಲ ಗುಂಪಿನಲ್ಲಿ ಬೇಡ.

ಏನು ಹಾಕುತ್ತಾರೆ ಎಂಬುದಕ್ಕಿಂತ, ಮನೆಯಲ್ಲಿ ಏನು ಹಾಕುತ್ತಿದ್ದಿರೋ ಅದನ್ನೇ ಹಾಕುತ್ತಾರೆಯೇ ಎಂಬುದು ಮುಖ್ಯ. ನಮ್ಮ ಕಡೆ ಎಷ್ಟೋ ನಾಯಿಗಳು ಜೋಳದ ರೊಟ್ಟಿ ಹಾಲು, ಮುದ್ದೆ, ಮೊಸರನ್ನದಲ್ಲೇ ಬೆಳೆದವು. ಅವಕ್ಕೆ ಒಮ್ಮೆಲೇ ಚಿಕನ್ ಅನ್ನ ಹಾಕಿದರೆ ಎರಡನೇ ದಿನ ಭೇದಿ ಗ್ಯಾರಂಟಿ. ಆಹಾರ ಬದಲಾಯಿಸಲು ಕಡಿಮೆಯೆಂದರೆ ಒಂದು ವಾರ ಬೇಕು. ಹಾಗಾಗಿ ನೀವು ಹೋಗುವ ದಿನಗಳಿಗೆ, ಮೇಲೊಂದು ದಿನಕ್ಕೆ ಸೇರಿಸಿ, ಒಂದೊಂದು ಹೊತ್ತಿನದನ್ನು ಬೇರೆ ಬೇರೆ ಕಟ್ಟಿ ಕೊಡಿ. ಮನೆಯ ಅಡುಗೆಯಾದರೆ ಅಳತೆ ಬರೆದು ಕೊಡಿ. ಮೊದಲ ದಿನ ತಿನ್ನದಿರುವುದು ಸಾಮಾನ್ಯ, ನೀರು ಕುಡಿದರೆ ಸಾಕು. ನೀರಿನ ಲೆಕ್ಕ ಕಿಲೋಗೆ 50ರಿಂದ 60 ಮಿಲಿಲೀಟರ್. 30 ಕಿಲೋ ಲ್ಯಾಬ್ರಡಾರ್‌ಗೆ ದಿನಕ್ಕೆ ಒಂದೂವರೆ ಲೀಟರ್‌ಗಿಂತ ಮೇಲೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ.

ಉಂಡ ಮೇಲೆ ಒಂದು ಗಂಟೆ ಓಟವಿಲ್ಲ. ಎದೆ ಆಳವಾಗಿರುವ ದೊಡ್ಡ ನಾಯಿಗಳಿಗೆ, ಗ್ರೇಟ್ ಡೇನ್, ಡಾಬರ್‌ಮನ್, ಶೆಫರ್ಡ್ ಇಂಥವಕ್ಕೆ, ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಡೋಲಿನಂತಾಗಿ, ವಾಂತಿಗೆ ಬಂದಂತೆ ಮಾಡಿದರೂ ಏನೂ ಬರದಿದ್ದರೆ ಅದೇ ಲಕ್ಷಣ. ಬೆಳಗ್ಗೆ ನೋಡೋಣ ಎನ್ನುವಂತಿಲ್ಲ, ಆಪರೇಷನ್ ಇಲ್ಲದೆ ಕೆಲವೇ ಗಂಟೆಯಲ್ಲಿ ಪ್ರಾಣ ಹೋಗುತ್ತದೆ.

ಈ ಊರಿನ ಬಿಸಿಲು, ಗದ್ದೆ, ಗುಡ್ಡ

ಮಾರ್ಚ್‌ನಿಂದ ಮೇವರೆಗೆ ದಾವಣಗೆರೆಯಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಯಲಿನ ಆಟ ಬೇಡ. ಮುಂಗೈ ಹಿಂಭಾಗವನ್ನು ನೆಲಕ್ಕೆ ಏಳು ಸೆಕೆಂಡ್ ಇಟ್ಟು ನೋಡಿ, ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಚಿತ್ರದುರ್ಗದಲ್ಲಿ ಗಾಳಿ ಇದೆ, ಆದರೆ ಬಂಡೆ ಹಗಲು ಕುಡಿದ ಬಿಸಿಯನ್ನು ಸಂಜೆಯೆಲ್ಲ ಬಿಡುತ್ತದೆ. ಬಂಡೆಗೆ ಒರಗಿ ಕಟ್ಟಿದ ಶೀಟಿನ ಕೋಣೆ ರಾತ್ರಿ ಹತ್ತಾದರೂ ತಣ್ಣಗಾಗಿರುವುದಿಲ್ಲ. ನಾಯಿಯ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರಬೇಕು, 41 ದಾಟಿದರೆ ಒಳಗಿನ ಅಂಗಗಳು ಕೆಡತೊಡಗುತ್ತವೆ. ಪಗ್, ಬುಲ್‌ಡಾಗ್, ಶಿಟ್ಜುಗಳ ಮೂಗು ಚಪ್ಪಟೆ. ಏದುಸಿರಿನಿಂದ ಬಿಸಿ ಹೊರಹಾಕುವುದು ಅವಕ್ಕೆ ಕಷ್ಟ, ಅವೇ ಮೊದಲು ಬೀಳುತ್ತವೆ. ಬಿದ್ದರೆ ನೆರಳಿಗೆ ಎಳೆದು ಹೊಟ್ಟೆ, ತೊಡೆಯ ಸಂದು, ಪಾದಕ್ಕೆ ಸಾದಾ ನೀರು ಸುರಿದು ಫ್ಯಾನ್ ಹಾಕಿ, ಹಾಗೇ ಡಾಕ್ಟರ ಹತ್ತಿರ ಒಯ್ಯಬೇಕು. ಒದ್ದೆ ಟವೆಲ್ ಸುತ್ತಿಡಬೇಡಿ, ಅದರೊಳಗೆ ಬಿಸಿ ಕೂತುಬಿಡುತ್ತದೆ.

ಊರ ಹೊರಗಿನ ತೋಟದ ಮನೆ ಎಂದರೆ ಎಲ್ಲರಿಗೂ ಇಷ್ಟ. ನಿಜ, ಜಾಗ ಧಾರಾಳ. ಆದರೆ ಭದ್ರಾ ನಾಲೆಯ ಗದ್ದೆ ಸೀಮೆಯಲ್ಲಿ ಇಲಿ ಹೆಚ್ಚು, ಇಲಿ ಇದ್ದಲ್ಲಿ ಹಾವು, ಇಲಿಗಾಗಿ ಇಟ್ಟ ಪಾಷಾಣ. ಪಾಷಾಣವನ್ನು ಮಂಡಕ್ಕಿಗೋ ಅಕ್ಕಿಗೋ ಬೆರೆಸಿ ಬದುವಿನಲ್ಲಿ ಇಟ್ಟಿರುತ್ತಾರೆ, ನಾಯಿಗೆ ಅದು ತಿಂಡಿ. ಬೇಲಿಯ ಒಳಗೂ ಹೊರಗೂ ಮೂರು ಅಡಿ ಹುಲ್ಲು ಕಿತ್ತಿರಬೇಕು, ಕಲ್ಲುಗುಡ್ಡೆ, ಸೌದೆ ರಾಶಿ ಇರಬಾರದು, ಪಕ್ಕದ ಹೊಲದವರಿಗೆ ನಾಯಿಗಳಿರುವುದು ತಿಳಿದಿರಬೇಕು. ಬೇಲಿ ಆರು ಅಡಿ ಎತ್ತರವಿದ್ದು, ಕೆಳಗೆ ಒಂದಡಿ ಮಣ್ಣಿನೊಳಗೆ ಹೂತಿರಲಿ. ಹಾರುವ ನಾಯಿಗಿಂತ ತೋಡುವ ನಾಯಿ ಹೆಚ್ಚು.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿನ ಸುತ್ತಿನ ತೋಟಗಳಿಗೆ ಇನ್ನೊಂದು ಮಾತು. ಆ ಕಾಡಿನಲ್ಲಿ ಚಿರತೆ, ಕರಡಿ ಇವೆ. ಚಿರತೆಗೆ ನಾಯಿ ಸುಲಭದ ಬೇಟೆ, ಆರಡಿ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ. ಅಲ್ಲಿ ಸೂರ್ಯ ಮುಳುಗುವ ಮೊದಲೇ ಎಲ್ಲ ನಾಯಿಗಳೂ ಗೋಡೆ, ಚಾವಣಿ, ಗಟ್ಟಿ ಬಾಗಿಲಿರುವ ಕೋಣೆಯ ಒಳಗಿರಬೇಕು. ಕೇಜ್ ಬೇಡವೆಂದರೆ ರಾತ್ರಿ ಬಯಲಲ್ಲಿ ಬಿಡಿ ಎಂದರ್ಥವಲ್ಲ. ಎಲ್ಲಿಯೇ ಆಗಲಿ, ನಾಯಿಗಳು ಮಲಗುವ ಕಟ್ಟಡದಲ್ಲೇ ಒಬ್ಬರು ಮಲಗಬೇಕು. ರಾತ್ರಿ ಬೀಗ ಹಾಕಿ ಮನೆಗೆ ಹೋಗಿ, ಕ್ಯಾಮೆರಾ ಇದೆ ಎನ್ನುವ ಕಡೆ ಬಿಡಬೇಡಿ. ಎರಡು ಗಂಟೆ ರಾತ್ರಿಯಲ್ಲಿ ಜಗಳ ಬಿದ್ದರೆ ಕ್ಯಾಮೆರಾ ಬಂದು ಬಿಡಿಸುವುದಿಲ್ಲ.

ಗಣಪತಿ ಮೆರವಣಿಗೆಯ ಡಿಜೆ, ದೀಪಾವಳಿಯ ಪಟಾಕಿಗೆ ಬೆದರುವ ನಾಯಿಯನ್ನು ಆ ದಿನಗಳಲ್ಲಿ ಹೊಸ ಜಾಗಕ್ಕೆ ಬಿಡದಿರುವುದೇ ಒಳ್ಳೆಯದು. ಬಿಡಲೇಬೇಕಾದರೆ ಕಿಟಕಿ ಮುಚ್ಚಿದ ಒಳಕೋಣೆ, ಫ್ಯಾನಿನ ಸದ್ದು, ಪಕ್ಕದಲ್ಲಿ ಮನುಷ್ಯ, ಕೊರಳಲ್ಲಿ ಫೋನ್ ನಂಬರ್ ಬರೆದ ಬೆಲ್ಟ್.

ಜಗಳ ಬಿದ್ದಾಗ

ಎಷ್ಟೇ ಜಾಗ್ರತೆ ಇದ್ದರೂ ಬೀಳುತ್ತದೆ. ಹೆಚ್ಚಿನವು ಗೇಟಿನ ಹತ್ತಿರ, ಯಾರೋ ಬಂದಾಗ, ಎಲ್ಲವೂ ಒಟ್ಟಿಗೆ ಮುನ್ನುಗ್ಗಿದಾಗ. ಬೆಲ್ಟ್ ಹಿಡಿಯಲು ಕೈ ಹಾಕಿದವರಿಗೇ ಮೊದಲ ಕಡಿತ, ಆ ಹೊತ್ತಿನಲ್ಲಿ ನಾಯಿಗೆ ಯಾರ ಕೈ ಎಂದು ತಿಳಿಯುವುದಿಲ್ಲ. ಮೊದಲು ಪಾತ್ರೆ ಬಡಿದು ದೊಡ್ಡ ಸದ್ದು, ಆಗದಿದ್ದರೆ ಬಕೆಟ್ ನೀರು ಮುಖಕ್ಕೆ, ಇಲ್ಲವೇ ಎರಡರ ನಡುವೆ ಒಂದು ಹಲಗೆ ತಳ್ಳುವುದು. ಇದಾವುದಕ್ಕೂ ಬಗ್ಗದಿದ್ದರೆ ಇಬ್ಬರು, ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲು ಎತ್ತಿ, ಒಂದೇ ಹೊತ್ತಿಗೆ ಹಿಂದಕ್ಕೆ ಎಳೆಯಬೇಕು. ಒಂದು ಕಚ್ಚಿ ಹಿಡಿದಿದ್ದಾಗ ಎಳೆದರೆ ಚರ್ಮ ಹರಿಯುತ್ತದೆ, ಬಾಯಿ ಬಿಡುವವರೆಗೆ ಹಿಡಿದು ನಿಲ್ಲಬೇಕು. ಆ ಎರಡನ್ನು ಅವತ್ತು ಮತ್ತೆ ಕೂಡಿಸಬಾರದು. ಕೂದಲಿನೊಳಗಿನ ಸಣ್ಣ ತೂತು ಮೇಲೆ ಕಾಣುವುದಕ್ಕಿಂತ ಆಳವಾಗಿರುತ್ತದೆ, ಎರಡು ದಿನದಲ್ಲಿ ಕೀವು ತುಂಬುತ್ತದೆ. ಅಂದೇ ಡಾಕ್ಟರಿಗೆ ತೋರಿಸಿ. ಮನುಷ್ಯರಿಗೆ ಕಚ್ಚಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ನಾಯಿಗೆ ಲಸಿಕೆ ಆಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಸೋಂಕು

ಒಟ್ಟಿಗೆ ಇರುವ ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಇದೇ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ಕೆಮ್ಮಿದರೆ ವಾರದಲ್ಲಿ ಹತ್ತು ಕೆಮ್ಮುತ್ತವೆ. ಹಾಗಾಗಿ ಲಸಿಕೆ ಪುಸ್ತಕ ನೋಡದೆ ಸೇರಿಸಿಕೊಳ್ಳುವ ಜಾಗ ನಿಮ್ಮ ನಾಯಿಗೆ ಸಲ್ಲದು. ಪಾರ್ವೋ, ಡಿಸ್ಟೆಂಪರ್, ಲೆಪ್ಟೊ ಎಂಬ ಸೋಂಕು ರೋಗಗಳಿಗೆ ಒಟ್ಟಿಗೆ ಹಾಕುವ ಕೂಡು ಲಸಿಕೆ ಮತ್ತು ರೇಬೀಸ್ ಲಸಿಕೆ ವರ್ಷದೊಳಗೆ ಆಗಿರಬೇಕು. ನಾಯಿಯಿಂದ ನಾಯಿಗೆ ಹರಡುವ ಕೆಮ್ಮಿಗೆ (ಕೆನಲ್ ಕಾಫ್) ಮೂಗಿಗೆ ಹಾಕುವ ಲಸಿಕೆ ಬಿಡುವುದಕ್ಕೆ ವಾರ ಮೊದಲಾದರೂ ಆಗಿರಬೇಕು. ಮೊದಲ ಸಲ ರೇಬೀಸ್ ಲಸಿಕೆ ಹಾಕಿಸುವುದಾದರೆ ಒಂದು ತಿಂಗಳ ಅಂತರ ಇಟ್ಟುಕೊಳ್ಳಿ, ಇಂಜೆಕ್ಷನ್ ಆದ ದಿನವೇ ಶಕ್ತಿ ಬರುವುದಿಲ್ಲ.

ತೊಳೆಯುವ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಫಿನಾಯಿಲ್ ವಾಸನೆ ಬಂದರೆ ಸ್ವಚ್ಛ ಎಂದುಕೊಳ್ಳುತ್ತೇವೆ. ಪಾರ್ವೋ ವೈರಸ್ ಫಿನಾಯಿಲ್‌ಗೆ ಸಾಯುವುದಿಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದಕ್ಕೆ ಬೇಕಾದದ್ದು ಬ್ಲೀಚ್: ಮನೆಬಳಕೆಯ ದ್ರವ ಬ್ಲೀಚ್ ಒಂದು ಪಾಲಿಗೆ ನೀರು 30 ಪಾಲು, ಅಂದರೆ 15 ಲೀಟರ್ ಬಕೆಟ್‌ಗೆ ಅರ್ಧ ಲೀಟರ್. ಮೊದಲು ಸೋಪಿನ ನೀರಿನಲ್ಲಿ ಕೊಳೆ ತೆಗೆದು, ಆಮೇಲೆ ಇದನ್ನು ಸುರಿದು ಹತ್ತು ನಿಮಿಷ ನೆಲ ಒದ್ದೆಯಾಗಿಯೇ ಇರಬೇಕು. ನಂತರ ತೊಳೆದು, ಒಣಗಿದ ಮೇಲೆ ನಾಯಿ ಬಿಡಬೇಕು. ಆ್ಯಸಿಡ್ ಜೊತೆ ಬೆರೆಸಿದರೆ ವಿಷಗಾಳಿ ಏಳುತ್ತದೆ.

ನಮ್ಮ ಸೀಮೆಯಲ್ಲಿ ವರ್ಷವಿಡೀ ಕಾಡುವುದು ಉಣ್ಣೆ, ರಕ್ತ ಹೀರಿ ರೋಗ ಹರಡುವ ಹುಳ. ರಕ್ತ ಕುಡಿದು ಉದುರಿದ ಒಂದು ಹೆಣ್ಣು ಉಣ್ಣೆ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಅಂಗಳ ಎಷ್ಟು ತೊಳೆದರೂ ಬಿರುಕು ಮುಚ್ಚದಿದ್ದರೆ ಪ್ರಯೋಜನವಿಲ್ಲ. ಗಾರೆ ಕಿತ್ತ ಗೋಡೆ, ಕಲ್ಲು ಜೋಡಿಸಿದ ಕಾಂಪೌಂಡ್ ಇರುವ ಕಡೆ ಸಂದುಗಳಿಗೆ ಟಾರ್ಚ್ ಹಾಕಿ ನೋಡಿ. ಬಿಡುವ ಮೊದಲು ಉಣ್ಣೆ ಮಾತ್ರೆ ಅಥವಾ ಕುತ್ತಿಗೆಯ ಹಿಂದೆ ಹಾಕುವ ಹನಿ ಔಷಧಿ ಆಗಿರಲಿ.

ಯಾವ ನಾಯಿಗೆ ಇದು ಬೇಡ

ಲಸಿಕೆ ಪೂರ್ತಿಯಾಗದ ಮರಿ. ಬೆದೆಗೆ ಬಂದ ಹೆಣ್ಣು, ಸುಮಾರು ಮೂರು ವಾರ. ಆಪರೇಷನ್ ಹೊಲಿಗೆ ಇರುವುದು. ಕಣ್ಣು ಕಾಣದ, ಕಿವಿ ಕೇಳದ ಮುದಿ ನಾಯಿ. ಬೇರೆ ನಾಯಿಯನ್ನು ಕಂಡರೆ ಮೇಲೆ ಬೀಳುವುದು ಅಥವಾ ಮಂಚದ ಕೆಳಗೆ ಸೇರಿ ನಡುಗುವುದು. ಇಂಥವಕ್ಕೆ ಗುಂಪು ಶಿಕ್ಷೆಯೇ ಸರಿ. ಅವು ಇರುವಲ್ಲಿಗೇ ಪರಿಚಯದವರು ಬಂದು ಉಳಿಯುವುದು, ಅಥವಾ ಬೇರೆ ನಾಯಿ ಇಲ್ಲದ ಒಂದು ಮನೆಯಲ್ಲಿ ಬಿಡುವುದು ಎಷ್ಟೋ ಮೇಲು. ಮನೆಯಲ್ಲೇ ತನ್ನ ಗೂಡಿಗೆ ತಾನೇ ಹೋಗಿ ಮಲಗುವ ನಾಯಿಯೂ ಉಂಟು. ಅದಕ್ಕೆ ಆ ಗೂಡೇ ಧೈರ್ಯ. ಬಾಗಿಲು ತೆಗೆದಿಟ್ಟು ಅದನ್ನು ಜೊತೆಗೆ ಕಳಿಸಿದರೆ ಯಾರೂ ಆಕ್ಷೇಪಿಸಬಾರದು. ಡೇಕೇರ್ ಕೂಡ ವಾರಕ್ಕೆ ಎರಡು ಮೂರು ದಿನ ಸಾಕು, ದಿನಾ ಗುಂಪಿನಲ್ಲಿದ್ದರೆ ಎಷ್ಟೋ ನಾಯಿಗಳು ರೇಗುತ್ತವೆ.

ಬಿಡುವ ಮೊದಲು, ಕರೆತಂದ ಮೇಲೆ

ಊರಿಗೆ ಹೊರಡುವ ದಿನವೇ ಮೊದಲ ಸಲ ಬಿಡಬೇಡಿ. ಮೂರು ವಾರ ಮುಂಚೆ ಒಂದು ದಿನ ಎರಡು ಗಂಟೆ, ಇನ್ನೊಂದು ದಿನ ಅರ್ಧ ದಿನ, ಆಮೇಲೆ ಒಂದು ರಾತ್ರಿ. ಹೇಳದೆ ಮಧ್ಯಾಹ್ನ ಎರಡಕ್ಕೆ ಹೋಗಿ ನೋಡಿ. ನಾಯಿಗಳು ಮಲಗಿದ್ದರೆ ಒಳ್ಳೆಯ ಲಕ್ಷಣ. ಒಳಗೆ ಬಿಡುವುದಿಲ್ಲ ಎಂದರೆ ನಾಯಿಗಳ ನಿದ್ದೆಗಾಗಿ ಹಾಗೆನ್ನುತ್ತಿರಬಹುದು, ಅದು ತಪ್ಪಲ್ಲ, ಆದರೆ ಕಿಟಕಿಯಿಂದಾದರೂ ತೋರಿಸಬೇಕು. ಇಂದು ಎಷ್ಟು ನಾಯಿ, ಎಷ್ಟು ಜನ, ರಾತ್ರಿ ಯಾರು, ಯಾವ ಡಾಕ್ಟರು, ಇಷ್ಟಕ್ಕೆ ತಡವರಿಸದೆ ಉತ್ತರ ಬರಬೇಕು. ನೀವೂ ಮುಚ್ಚಿಡಬೇಡಿ: ಹಿಂದೆ ಯಾರಿಗಾದರೂ ಕಚ್ಚಿದ್ದರೆ, ಫಿಟ್ಸ್ ಬರುತ್ತಿದ್ದರೆ, ಗುಡುಗಿಗೆ ಹೆದರಿದರೆ ಬರೆದು ಕೊಡಿ. ನೀವು ಫೋನಿಗೆ ಸಿಗದಿದ್ದರೆ ಎಷ್ಟು ರೂಪಾಯಿವರೆಗೆ ಚಿಕಿತ್ಸೆ ಮಾಡಿಸಬಹುದು, ನಿಮ್ಮ ಪರವಾಗಿ ತೀರ್ಮಾನ ಹೇಳುವ ಅಣ್ಣನೋ ಅಕ್ಕನೋ ಯಾರು, ಅದನ್ನೂ ಬರೆಯಿರಿ.

ಮನೆಗೆ ಬಂದ ನಾಯಿ ಒಂದು ದಿನ ಪೂರ್ತಿ ಮಲಗಬಹುದು, ದನಿ ಕುಳಿತಿರಬಹುದು, ಎರಡು ಹೊತ್ತು ತೆಳುವಾಗಿ ಹೋಗಬಹುದು. ಬಂದ ತಕ್ಷಣ ಬೋಗುಣಿ ತುಂಬ ನೀರು ಇಡದೆ ಸ್ವಲ್ಪ ಸ್ವಲ್ಪವೇ ಕೊಡಿ, ಗಟಗಟ ಕುಡಿದು ವಾಂತಿ ಮಾಡಿಕೊಳ್ಳುತ್ತದೆ. ವಾಂತಿ ಭೇದಿಯಲ್ಲಿ ರಕ್ತ, ಇಡೀ ದಿನ ಊಟ ಮುಟ್ಟದಿರುವುದು, ಗಂಟಲಲ್ಲಿ ಏನೋ ಸಿಕ್ಕಂತೆ ಒಣಕೆಮ್ಮು, ಇವು ಕಂಡರೆ ಕಾಯಬೇಡಿ. ಕೆಮ್ಮು ಎರಡು ವಾರದವರೆಗೂ ತಡವಾಗಿ ಬರಬಹುದು, ಬಂದರೆ ಬೋರ್ಡಿಂಗ್‌ನವರಿಗೂ ಫೋನ್ ಮಾಡಿ, ಅಲ್ಲಿರುವ ಉಳಿದ ನಾಯಿಗಳಿಗೆ ಅದರಿಂದ ಉಪಕಾರ. ಆ ದಿನ ಸಂಜೆಯೇ ಬೆಳಕಿನಲ್ಲಿ ಕೂರಿಸಿಕೊಂಡು ಕಿವಿಯ ಮಡಿಕೆ, ಬೆರಳ ಸಂದು, ಬೆಲ್ಟಿನ ಕೆಳಗೆ, ಬಾಲದ ಬುಡ ತಡವಿ ಉಣ್ಣೆ ಹುಡುಕಿ. ಸಿಕ್ಕರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಿನಲ್ಲಿ ಹಿಸುಕಬೇಡಿ. ಮುಂದಿನ ಮೂರು ವಾರದಲ್ಲಿ ಜ್ವರ, ಬಿಳಿಚಿದ ಒಸಡು, ಮೂಗಿನಿಂದ ರಕ್ತ ಅಥವಾ ಕಾಫಿ ಬಣ್ಣದ ಮೂತ್ರ ಕಂಡರೆ, ಉಣ್ಣೆ ಸಿಕ್ಕ ತಾರೀಖನ್ನು ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ.